ಹೆಪ್ಪಾಗದ ಹಾಲು

ಬೀರುವಿನ ಬೀಗ ಮುರಿದಿರಲಿಲ್ಲ. ಮುಂದೆ ಇಟ್ಟಿದ್ದ ಡಬ್ಬಿ ಭರ್ತಿಯಾಗಿಯೇ ಇತ್ತು. ಅದರ ಹಿಂದಿದ್ದ ಎರಡು ಡಬ್ಬಿಗಳಲ್ಲಿ ಮಾತ್ರ ಹತ್ತಿ ಬಿಟ್ಟರೆ ಏನೂ ಇರಲಿಲ್ಲ.

"ಇಪ್ಪತ್ತು ಸೀಸೆ ಪೆನಿಸಿಲಿನ್. ಒಂದೂ ಇಲ್ಲ," ಎಂದರು ಡಾಕ್ಟರ್ ಮಹಾಲಕ್ಷ್ಮಮ್ಮ.

ಸಬ್ ಇನ್‌ಸ್ಪೆಕ್ಟರ್ ಚಿಕ್ಕಬಸವಯ್ಯ ಟೋಪಿ ತೆಗೆದು ಬೆವರು ಒರೆಸಿಕೊಂಡ. ಸಾವಿರದ ಒಂಬೈನೂರ ಐವತ್ತೆಂಟರ ಏಪ್ರಿಲ್ ತಿಂಗಳು. ಬೆಳಗಿನ ಎಂಟಕ್ಕೇ ಗುಂಡ್ಲುಪೇಟೆ ಕಾದು ಹೋಗಿತ್ತು. ಮಲ್ಲಾಜಮ್ಮ ಧರ್ಮಾಸ್ಪತ್ರೆಯ ಔಷಧಿ ಕೋಣೆಗೆ ಒಂದೇ ಕಿಟಕಿ. ಅದರ ತುಂಬ ಜನರ ತಲೆಗಳು.

"ಬೀರು ತೆಗೆಯೋರು ಯಾರು?"

"ನಾನು ಬುದ್ಧಿ," ಎಂದ ಕಾಂಪೌಂಡರ್ ನಿಂಗಯ್ಯ. "ಬೀಗದ ಕೈ ನನ್ ಸೊಂಟದಲ್ಲೇ ಇರೋದು. ಬ್ಯಾರೆ ಯಾರ ಕೈಗೂ ಕೊಟ್ಟಿಲ್ಲ. ಆದ್ರೆ ನಾ ಸೀಸೆ ಕದೀನಿಲ್ಲ."

ಚಿಕ್ಕಬಸವಯ್ಯ ಅವನ ಮುಖ ನೋಡಿದ. ಹದಿನಾಲ್ಕು ವರ್ಷದ ಪೊಲೀಸ್ ನೌಕರಿಯಲ್ಲಿ ಇಂಥ ಹೇಳಿಕೆ ಕೇಳಿರಲಿಲ್ಲ. ಕದ್ದವನು ಮೊದಲು ಬೀಗದ ಕೈಯನ್ನು ಕಳೆದುಕೊಳ್ಳುತ್ತಾನೆ. ಇವನು ತನ್ನ ಕೊರಳಿಗೆ ತಾನೇ ಹಗ್ಗ ಕಟ್ಟಿಕೊಂಡು ನಿಂತಿದ್ದ.

"ಇನ್ನೂ ಏನ್ ಕೇಳ್ತೀರಿ ಇನಿಸ್ಪೆಕ್ಟ್ರೇ?" ಬಾಗಿಲಲ್ಲಿ ದೊಡ್ಡಮಲ್ಲಪ್ಪನವರ ದನಿ ಮೊಳಗಿತು. ಈರುಳ್ಳಿ ಮಂಡಿಯ ಯಜಮಾನರು. ತಾಯಿಯ ಹೆಸರಿನಲ್ಲಿ ಈ ಹನ್ನೆರಡು ಹಾಸಿಗೆಯ ಆಸ್ಪತ್ರೆ ಕಟ್ಟಿಸಿದವರು ಅವರೇ. "ಔಷಧೀನ ಮಾರ್ಕಂಡು ನನ್ ಸೊಸೆ ಮೈಗೆ ನೀರು ಚುಚ್ಚವ್ನೆ ಇವ್ನು. ಎರಡು ಬಿಗೀರಿ, ಬಾಯ್ ಬುಡ್ತಾನೆ."

ಸೊಸೆ ಶಾಂತಮಲ್ಲಮ್ಮ ಒಳಗಿನ ಮೂರನೇ ಹಾಸಿಗೆಯಲ್ಲಿ ಮಲಗಿದ್ದಳು. ಇಪ್ಪತ್ತು ದಿನದ ಬಾಣಂತಿ. ಎದೆಯಲ್ಲಿ ಕೀವು ಕಟ್ಟಿ ಜ್ವರ ಏರಿತ್ತು. ಐದು ದಿನದಿಂದ ಪೆನಿಸಿಲಿನ್ ಕೊಡುತ್ತಿದ್ದರು. ಜ್ವರ ಒಂದು ಡಿಗ್ರಿಯೂ ಇಳಿದಿರಲಿಲ್ಲ. ಹದಿನೈದು ದಿನದ ಹಿಂದೆ ಕಾಲಿನ ಗಾಯಕ್ಕೆ ಬಂದ ಬೋರಯ್ಯ ಎಂಬ ಕೂಲಿಯಾಳು ಎಂಟು ಇಂಜೆಕ್ಷನ್ ತೆಗೆದುಕೊಂಡೂ ಸತ್ತಿದ್ದ. ಆಗ ಊರು ಹಣೆಬರಹ ಎಂದಿತ್ತು. ಈಗ ನಿಂಗಯ್ಯ ಎನ್ನುತ್ತಿತ್ತು.

ಡಾಕ್ಟರು ಇನ್‌ಸ್ಪೆಕ್ಟರನನ್ನು ಪಕ್ಕಕ್ಕೆ ಕರೆದರು.

"ಎರಡು ಸಲ ಕೊಯ್ದು ಕೀವು ತೆಗೆದಿದ್ದೀನಿ. ಮತ್ತೆ ಕಟ್ತಾ ಇದೆ. ಈಗ ನಂಜು ರಕ್ತಕ್ಕೆ ಏರ್ತಿದೆ. ಇನ್ನು ಮೂರು ದಿನ, ಹೆಚ್ಚಂದ್ರೆ ನಾಲ್ಕು. ಔಷಧಿ ಯಾಕೆ ಕೆಲಸ ಮಾಡ್ತಿಲ್ಲ ಅಂತ ಅಷ್ಟರೊಳಗೆ ಗೊತ್ತಾಗ್ಬೇಕು."

"ಹೊಸ ಔಷಧಿ ತರಿಸಬಹುದಲ್ಲ?"

"ಯಜಮಾನರು ಮೈಸೂರಿಗೆ ಕಾರು ಕಳಿಸಿದ್ದಾರೆ. ಅಲ್ಲಿಗೆ ಸರಕು ಬರೋದೇ ನಾಳೆಯಂತೆ, ಸಂಜೆಗೆ ಇಲ್ಲಿರುತ್ತೆ." ಡಾಕ್ಟರು ದನಿ ತಗ್ಗಿಸಿದರು. "ನಿಂಗಯ್ಯ ಕಳ್ಳನಾದ್ರೆ ಹೊಸ ಔಷಧಿಯಿಂದ ಹುಡುಗಿ ಬದುಕ್ತಾಳೆ. ಅವನು ಕಳ್ಳನಲ್ಲದಿದ್ರೆ ನನಗೆ ಭಯ."

\* \* \*

ನಿಂಗಯ್ಯನ ಮನೆ ಕೆರೆಯ ಕೆಳಗಿನ ಕೇರಿಯಲ್ಲಿತ್ತು. ಒಂದೇ ಕೋಣೆ, ಪಕ್ಕದಲ್ಲಿ ಒಂದು ಎಮ್ಮೆಯ ಕೊಟ್ಟಿಗೆ. ಜೊತೆಗೆ ಬಂದ ಪೇದೆ ಅಡಿಗೆಯ ಗೂಡಿನಿಂದ ಹನ್ನೊಂದು ಪೆನಿಸಿಲಿನ್ ಸೀಸೆಗಳನ್ನು ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದ. ಬಡ್ತಿ ಸಿಕ್ಕೇಬಿಟ್ಟಿತೆಂಬ ಕಳೆ ಅವನ ಮುಖದಲ್ಲಿತ್ತು.

ಚಿಕ್ಕಬಸವಯ್ಯ ಒಂದೊಂದನ್ನೇ ತೆರೆದ. ಕುಂಕುಮ. ಓಮ. ಹರಳೆಣ್ಣೆ. ಗುಂಡಿ. ಮತ್ತೆ ಕುಂಕುಮ.

"ಆಸ್ಪತ್ರೇಲಿ ಎಸಿಯೋ ಖಾಲಿ ಸೀಸೆ ಸ್ವಾಮಿ," ಎಂದಳು ನಿಂಗಯ್ಯನ ಹೆಂಡತಿ ಸೋಮಮ್ಮ. ಕಣ್ಣು ಕೆಳಗಾಗಲಿಲ್ಲ. "ಗಾಜು ಚೆಂದಾಗದೆ, ಎಸಿಯಕ್ಕೆ ಮನಸ್ ಬರ್ನಿಲ್ಲ. ನಮ್ಮೋರು ಕದಿಯೋರಾಗಿದ್ರೆ ಈ ಸೂರು ಮಳೆಗಾಲದಲ್ಲಿ ಹಿಂಗೆ ಸೋರ್ತಿತ್ತಾ?"

ಚಿಕ್ಕಬಸವಯ್ಯ ಸೀಸೆಗಳನ್ನು ಗೂಡಿಗೆ ವಾಪಸ್ ಇಡಿಸಿದ. ಆದರೂ ಠಾಣೆಯ ಮುಂದೆ ಮಂಡಿಯ ಹಮಾಲರು ದೊಣ್ಣೆ ಹಿಡಿದು ನಿಂತಿದ್ದರು. ನಿಂಗಯ್ಯನನ್ನು ಲಾಕಪ್ಪಿಗೆ ಹಾಕದಿದ್ದರೆ ಅವನ ಮೂಳೆ ಉಳಿಯುತ್ತಿರಲಿಲ್ಲ. ಚಿಕ್ಕಬಸವಯ್ಯ ಹಾಕಿದ. ಹಾಕಿ, ಬೇಜಾರಿನಲ್ಲಿ ಮನೆಗೆ ಊಟಕ್ಕೆ ಹೋದ.

ಇಲ್ಲಿ ಒಂದು ಮಾತು ಹೇಳಬೇಕು. ಚಿಕ್ಕಬಸವಯ್ಯನಿಗೆ ಲಂಚದ ಚಪಲವಿರಲಿಲ್ಲ, ಬೀಡಿಯ ಚಪಲವೂ ಇರಲಿಲ್ಲ. ಮೊಸರಿನ ಚಪಲ ಮಾತ್ರ ಅಳತೆ ಮೀರಿತ್ತು. ಮೂರು ವಾರದಿಂದ ಮನೆಯಲ್ಲಿ ಮೊಸರು ಸರಿಯಾಗಿ ಹೆಪ್ಪಾಗಿರಲಿಲ್ಲ. ಆ ಮೂರು ವಾರ ಠಾಣೆಯ ಪೇದೆಗಳು ಅವನ ಎದುರಿಗೆ ಬರಲು ಹೆದರುತ್ತಿದ್ದರು. ಇವತ್ತು ಮುದ್ದೆ, ಹುರುಳಿ ಸಾರು ಮುಗಿಸಿ ಅನ್ನಕ್ಕೆ ಕೈ ಹಾಕಿದಾಗ ಹೆಂಡತಿ ಗಂಗಾಂಬಿಕೆ ಚಾಕುವಿನಲ್ಲಿ ಕುಯ್ಯುವಂಥ ಗಟ್ಟಿ ಮೊಸರು ಬಡಿಸಿದಳು.

"ಎಲ್ಲಿಂದ ಬಂತು ಗಂಗಾ ಈ ಭಾಗ್ಯ?"

"ನಿನ್ನೆ ದೊಡ್ಡಮಲ್ಲಮ್ಮಜ್ಜಿ ಮನೆಯಿಂದ ಹೆಪ್ಪು ತಂದು ನಮ್ಮದಕ್ಕೆ ಬೆರೆಸಿ ಹಾಕ್ದೆ ಕಣ್ರೀ. ಪೇಟೆಯೋರೆಲ್ಲ ಅವರ ಹೆಪ್ಪನ್ನೇ ತರ್ತಾವ್ರೆ. ಅದೊಂದೇ ಹಿಡಿಯೋದು."

ಚಿಕ್ಕಬಸವಯ್ಯ ತಲೆಯಾಡಿಸಿದ. ಪತ್ತೇದಾರ ಎನಿಸಿಕೊಂಡವನು ಎದುರಿಗಿದ್ದ ಸಾಕ್ಷಿಯನ್ನು ಅನ್ನದ ಜೊತೆ ಕಲಸಿ ತಿಂದು ಕೈ ತೊಳೆದುಕೊಂಡ.

\* \* \*

ಮರುದಿನ ಬೆಳಗಿನ ಬಸ್ಸಿಗೆ ಚಾಮರಾಜನಗರಕ್ಕೆ ಹೊರಟ. ಕದ್ದ ಸೀಸೆಗಳನ್ನು ಎಲ್ಲಾದರೂ ಮಾರಲೇಬೇಕು. ಗುಂಡ್ಲುಪೇಟೆಯಲ್ಲಿ ಮಾರಿದರೆ ಗೊತ್ತಾಗುತ್ತದೆ. ಹತ್ತಿರದಲ್ಲಿ ಔಷಧಿ ಅಂಗಡಿಗಳಿರುವ ಊರು ಚಾಮರಾಜನಗರವೇ. ಲೆಕ್ಕಾಚಾರವೇನೋ ಸರಿಯಾಗಿತ್ತು.

ಫಲ ಮಾತ್ರ ಸೊನ್ನೆ. ಇದ್ದ ಮೂರು ಅಂಗಡಿಯವರೂ ಮುಖ ಗಂಟಿಕ್ಕಿದರು. ಯಾರೂ ಪೆನಿಸಿಲಿನ್ ಮಾರಲು ಬಂದಿರಲಿಲ್ಲ. ನಿಂಗಯ್ಯನ ಗುರುತು ಯಾರಿಗೂ ಇರಲಿಲ್ಲ. ಹನ್ನೊಂದು ಗಂಟೆಯ ಬಿಸಿಲಿಗೆ ತಲೆ ಸುತ್ತಿ, ಬಸ್ ನಿಲ್ದಾಣದ ಪಕ್ಕದ ನಾಗಯ್ಯನ ಹೋಟೆಲಿನ ಬೆಂಚಿನ ಮೇಲೆ ಕುಸಿದ.

"ಮೊಸರನ್ನ ಕೊಡಪ್ಪ."

"ಮೊಸರಿಲ್ಲ ಸ್ವಾಮಿ. ಮಜ್ಜಿಗೇನೂ ಇಲ್ಲ. ಕಾಫಿ ಕುಡೀರಿ."

"ಈ ಬಿಸಿಲಲ್ಲಿ ಕಾಫಿ ಯಾರು ಕುಡೀತಾರೆ? ಯಾಕಿಲ್ಲ ಮೊಸರು?"

"ಅದೇನ್ ಕೇಳ್ತೀರಿ," ಎಂದು ನಾಗಯ್ಯ ಟವೆಲ್ಲು ಕೊಡವಿದ. "ಗುಂಡ್ಲುಪೇಟೆಯಿಂದ ಹಾಲು ಬರೋದು. ಹೋದ್ ವರ್ಷ ಇದೇ ಬ್ಯಾಸ್ಗೇಲಿ ಬಸ್ಸಿಂದ ಇಳಿಸೋ ಹೊತ್ಗೇ ಹುಳಿ ಹಿಡ್ಕಂಡಿರೋದು, ಒಲೆ ಮ್ಯಾಲೆ ಇಟ್ರೆ ಒಡ್ದೋಗೋದು. ಈ ಸಲ ನೋಡಿ, ಸಂಜೆಗಂಟ ಏನೂ ಆಗಲ್ಲ! ಕಾಫಿಗೆ ಬಲು ಚಂದ. ಹೆಪ್ಪು ಹಾಕುದ್ರೆ ಮಾತ್ರ ಹಾಲು ಹಾಲಾಗೇ ಕೂತಿರ್ತದೆ."

"ಎಷ್ಟು ದಿನದಿಂದ?"

"ಮೂರು ವಾರ ಆಗಿರ್ಬೇಕು."

"ಯಾರು ಕಳಿಸೋದು?"

"ಶಿವಮಲ್ಲಪ್ಪ."

ಚಿಕ್ಕಬಸವಯ್ಯ ಎದ್ದು ನಿಂತ. ಅವನ ಮನೆಗೂ ಹಾಲು ಹಾಕುವವನು ಶಿವಮಲ್ಲಪ್ಪನೇ. ಅಲ್ಲಿಯೂ ಮೂರು ವಾರ, ಇಲ್ಲಿಯೂ ಮೂರು ವಾರ. ಕಾಣೆಯಾದ ಸೀಸೆಗಳು ಇಪ್ಪತ್ತು. ದಿನಕ್ಕೊಂದರಂತೆ ಕದ್ದರೂ ಮೂರು ವಾರ! ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ಅವನಿಗೆ ತಿಳಿಯಲಿಲ್ಲ. ಆದರೂ ಹೊರಟು ನಿಂತಿದ್ದ ಬಸ್ಸನ್ನು ಓಡಿ ಹತ್ತಿದ.

\* \* \*

"ಸರಿಯಾಗಿ ನೆನಪು ಮಾಡ್ಕೊಂಡು ಹೇಳು," ಎಂದ ಹೆಂಡತಿಗೆ, ಚಪ್ಪಲಿ ಕಳಚದೆಯೇ. "ಯಾರ್ಯಾರ ಮನೆಯಲ್ಲಿ ಹೆಪ್ಪು ಕೆಟ್ಟಿತು?"

"ಶಿವಮಲ್ಲಪ್ಪನ ಹಾಲು ತಗೊಳೋರ ಮನೇಲೆಲ್ಲ. ಮನೇಲಿ ಹಸು ಕಟ್ಟಿದೋರ್ಗೆ ಏನೂ ಆಗ್ಲಿಲ್ಲ."

"ದೊಡ್ಡಮಲ್ಲಮ್ಮಜ್ಜಿ ಯಾರ ಹಾಲು ತಗೋತಾರೆ?"

"ಅವರೂ ಶಿವಮಲ್ಲಪ್ಪಂದೇ."

"ಹಾಗಾದ್ರೆ ಅವರದು ಮಾತ್ರ ಹೇಗೆ ಹೆಪ್ಪಾಗುತ್ತೆ?"

ಗಂಗಾಂಬಿಕೆ ನಕ್ಕಳು. "ಅಜ್ಜಿ ಹಟ ನಿಮಗೆ ಗೊತ್ತಿಲ್ವಾ? ಅತ್ತೆ ಕೊಟ್ಟ ಹೆಪ್ಪು, ನಲವತ್ತು ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ. ನಮಗೆ ಕೆಟ್ಟಾಗ ಹಾಲು ಚೆಲ್ಬುಟ್ವಿ. ಅಜ್ಜಿ ಚೆಲ್ಲಲಿಲ್ಲ. ನೀರು ನೀರಾಗಿದ್ದ ಆ ಮೊಸರನ್ನೇ ಮಾರನೇ ದಿನದ ಹಾಲಿಗೆ ಹಾಕಿದ್ರು. ಅದನ್ನೇ ಮತ್ತೆ ಹಾಕಿದ್ರು. ಹತ್ತು ದಿನಕ್ಕೆ ಸ್ವಲ್ಪ ಹಿಡೀತು. ಆಮೇಲೆ ಕಲ್ಲು!"

ಚಿಕ್ಕಬಸವಯ್ಯ ಆ ಮಾತನ್ನು ಹಾಗೇ ಹೊತ್ತುಕೊಂಡು ಹೆಂಡತಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ನಡೆದ. ಡಾಕ್ಟರು ಶಾಂತಮಲ್ಲಮ್ಮನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ಹುಡುಗಿ ಜ್ವರದ ತಾಪಕ್ಕೆ ಏನೇನೋ ಕನವರಿಸುತ್ತಿದ್ದಳು. ಮಗುವಿನ ಹೆಸರು ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಡಾಕ್ಟರು ಹೊರಗೆ ಬಂದು, ಬೇಸರದಿಂದಲೇ ಹಾಲಿನ ಕಥೆ ಕೇಳತೊಡಗಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಬೇಸರ ಹಾರಿಹೋಗಿತ್ತು.

"ಮೊಸರು ಮಾಡೋದು ಯಾರು ಹೇಳಿ ಇನ್‌ಸ್ಪೆಕ್ಟ್ರೇ."

"ನನ್ನ ಹೆಂಡತಿ."

"ಅಲ್ಲ. ಕ್ರಿಮಿಗಳು. ಕಣ್ಣಿಗೆ ಕಾಣದ ಕ್ರಿಮಿಗಳು, ಒಂದು ಚಮಚ ಹೆಪ್ಪಿನಲ್ಲಿ ಕೋಟಿ ಕೋಟಿ ಇರ್ತಾವೆ. ಹಾಲು ಹುಳಿಯಾಗೋದೂ ಅವುಗಳಿಂದಲೇ. ಪೆನಿಸಿಲಿನ್ ಏನು ಮಾಡುತ್ತೆ?"

"ಕ್ರಿಮಿ ಕೊಲ್ಲುತ್ತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಲೋಟ ತರ್ಸಿ. ನಾಲ್ಕು," ಎಂದರು ಡಾಕ್ಟರು. "ಮತ್ತೆ ಈ ಹಾಲೂ ಮುಟ್ಟದ, ಅಜ್ಜಿಯ ಹೆಪ್ಪೂ ಮುಟ್ಟದ ಮನೆಯಿಂದ ಒಂದಿಷ್ಟು ಹಾಲು, ಹೆಪ್ಪು ಬೇಕು."

"ಹಸು ಕಟ್ಟಿದೋರೂ ಅಜ್ಜಿ ಹೆಪ್ಪು ಒಯ್ದವ್ರೆ, ಗಟ್ಟಿಯಾಗ್ತದೆ ಅಂತ," ಎಂದಳು ಗಂಗಾಂಬಿಕೆ. ಆಮೇಲೆ ಮೆಲ್ಲಗೆ, "ಕೆರೆ ಕೆಳಗಿನ ಕೇರಿಯೋರ ಹತ್ರ ಇರ್ತದೆ. ನಾವ್ಯಾರೂ ಅವರ ಮನೆಗೆ ಹೆಪ್ಪಿಗೆ ಹೋಗೋದಿಲ್ಲ, ಅವರೂ ನಮ್ಮ ಹತ್ರ ಕೇಳೋದಿಲ್ವಲ್ಲ."

ಹೀಗೆ ಹೇಳಿದವಳು ತಾನೇ ತಲೆ ತಗ್ಗಿಸಿದಳು. ಪೇದೆ ಸೈಕಲ್ ಹತ್ತಿ ಹೋಗಿ ಸೋಮಮ್ಮನ ಮನೆಯಿಂದ ಎಮ್ಮೆಯ ಹಾಲು, ಹೆಪ್ಪು ಎರಡನ್ನೂ ತಂದ.

\* \* \*

ಸಂಜೆ ಆರಕ್ಕೆ ಡಾಕ್ಟರ ಮೇಜಿನ ಮೇಲೆ ನಾಲ್ಕು ಗಾಜಿನ ಲೋಟಗಳಿದ್ದವು. ಬೇಸಿಗೆಯ ಸೆಕೆಗೆ ಮೊಸರಾಗಲು ಮಧ್ಯಾಹ್ನದಿಂದ ಅಷ್ಟು ಹೊತ್ತು ಧಾರಾಳ.

ಡಾಕ್ಟರು ಮೊದಲನೆಯದನ್ನು ಓರೆ ಮಾಡಿದರು. ಅಲುಗಲಿಲ್ಲ. "ಸೋಮಮ್ಮನ ಹಾಲು, ಸೋಮಮ್ಮನ ಹೆಪ್ಪು. ಮೊಸರಾಗಿದೆ."

ಎರಡನೆಯದು ತುಳುಕಿತು. "ಅದೇ ಹಾಲು, ಅದೇ ಹೆಪ್ಪು. ಬೀರುವಿನಲ್ಲಿ ಉಳಿದಿದ್ದ ಸೀಸೆಯಿಂದ ಒಂದು ಚಿಟಿಕೆ ಪೆನಿಸಿಲಿನ್ ಹಾಕಿದ್ದೆ. ಹೆಪ್ಪಾಗಿಲ್ಲ."

ಚಿಕ್ಕಬಸವಯ್ಯ ಮೇಜು ಗುದ್ದಿದ. "ಅಂದ್ರೆ ಸೀಸೆಯಲ್ಲಿರೋದು ನೀರಲ್ಲ, ಸುಣ್ಣವಲ್ಲ. ಅಸಲಿ ಔಷಧಿ! ನಿಂಗಯ್ಯ ಮೋಸ ಮಾಡಿಲ್ಲ."

"ಮೂರನೆಯದು ಶಿವಮಲ್ಲಪ್ಪನ ಹಾಲಿಗೆ ಸೋಮಮ್ಮನ ಹೆಪ್ಪು." ಅದೂ ತುಳುಕಿತು. "ನಾನು ಏನೂ ಬೆರೆಸಿಲ್ಲ. ಬೆರೆಸಿದೋನು ಅವನೇ. ಕಾಯಿಸಿದ್ರೂ ಅದರ ಶಕ್ತಿ ಪೂರ್ತಿ ಹೋಗೋದಿಲ್ಲ."

"ನಾಲ್ಕನೆಯದು?"

"ಸೋಮಮ್ಮನ ಹಾಲು, ಒಂದು ಚಿಟಿಕೆ ಪೆನಿಸಿಲಿನ್, ದೊಡ್ಡಮಲ್ಲಮ್ಮಜ್ಜಿಯ ಹೆಪ್ಪು."

ಲೋಟವನ್ನು ಪೂರ್ತಿ ಬೋರಲು ಹಾಕಿದರು. ಒಂದು ತೊಟ್ಟೂ ಬೀಳಲಿಲ್ಲ. ಡಾಕ್ಟರ ಮುಖ ಬಿಳಿಚಿಕೊಂಡಿತು.

"ಅಜ್ಜಿಯ ಹೆಪ್ಪು ಪೆನಿಸಿಲಿನ್ ಒಳಗೇ ಬದುಕೋದು ಕಲಿತಿದೆ. ದಿನಾ ಸ್ವಲ್ಪ ಸ್ವಲ್ಪ ಔಷಧಿ ಬಿತ್ತು. ಮೆತ್ತಗಿದ್ದ ಕ್ರಿಮಿಗಳು ಸತ್ತವು. ಕೋಟಿಗೊಂದು ಹುಟ್ಟಿನಿಂದಲೇ ಔಷಧಿ ತಡೆದುಕೊಳ್ಳೋ ಅಂಥದ್ದು ಇತ್ತು, ಅದು ಉಳೀತು. ಸತ್ತವರ ಜಾಗವೆಲ್ಲ ಅದರ ಮಕ್ಕಳಿಗೇ ಸಿಕ್ಕಿತು. ಅಜ್ಜಿ ಅದನ್ನೇ ತೆಗೆದು ಮತ್ತೆ ಮತ್ತೆ ಸಾಕಿದ್ರು, ಊರಿಗೂ ಹಂಚಿದ್ರು." ಅವರು ಒಳಗಿನ ಮೂರನೇ ಹಾಸಿಗೆಯ ಕಡೆ ನೋಡಿದರು. "ಇನ್‌ಸ್ಪೆಕ್ಟ್ರೇ, ಆ ಹುಡುಗಿಯ ಎದೆಯಲ್ಲಿ ಇರೋದೂ ಇಂಥದ್ದೇ. ಬೇರೆ ಜಾತಿಯ ಕ್ರಿಮಿ, ಪಾಠ ಮಾತ್ರ ಇದೇ. ಎಷ್ಟು ಪೆನಿಸಿಲಿನ್ ಕೊಟ್ಟರೂ ಅಷ್ಟೇ."

ಆಗಲೇ ಹೊರಗೆ ಕಾರು ನಿಂತ ಸದ್ದಾಯಿತು. ದೊಡ್ಡಮಲ್ಲಪ್ಪನವರು ಡಬ್ಬಿಗಳನ್ನು ಎದೆಗವಚಿಕೊಂಡು ಒಳಗೆ ಬಂದರು.

"ಹೊಸ ಪೆನಿಸಿಲಿನ್ನು. ನನ್ ಕಣ್ಮುಂದೇನೇ ಮೊಹರು ಒಡೀರಿ ಡಾಕ್ಟ್ರಮ್ಮ, ಚುಚ್ಚಿ."

"ಇದು ಬೇಡ ಯಜಮಾನ್ರೇ. ಬೇರೆ ಔಷಧಿ ಬೇಕು. ಎರಿತ್ರೋಮೈಸಿನ್ ಅಂತ, ಹೊಸದು. ಮೈಸೂರಲ್ಲಿ ನನ್ನ ಗುರುಗಳ ಹತ್ತಿರ ಇರಬಹುದು. ಚೀಟಿ ಬರ್ಕೊಡ್ತೀನಿ, ಕಾರು ಈಗಲೇ ವಾಪಸ್ ಹೋಗಬೇಕು."

ದೊಡ್ಡಮಲ್ಲಪ್ಪನವರು ಲೋಟಗಳ ವಿಷಯ ಕೇಳಿದ ಮೇಲೆ ಸಿಡಿದೇಬಿಟ್ಟರು. "ನನ್ ಸೊಸೆ ಪ್ರಾಣಾನ ಒಂದ್ ಲೋಟ ಮೊಸರಿನ ಮ್ಯಾಲೆ ಇಡ್ತೀರಾ?"

"ಆರು ದಿನ ಪೆನಿಸಿಲಿನ್ ಮೇಲೆ ಇಟ್ಟಿದ್ದೀವಿ," ಎಂದರು ಡಾಕ್ಟರು. "ಬೋರಯ್ಯನಿಗೆ ಎಂಟು ದಿನ ಇಟ್ಟೆ. ಔಷಧಿ ಕೆಟ್ಟಿದೆ ಅಂದುಕೊಂಡು ಇನ್ನೂ ಹೆಚ್ಚು ಕೊಟ್ಟೆ. ಆ ತಪ್ಪು ನಾನು ಎರಡನೇ ಸಲ ಮಾಡೋದಿಲ್ಲ."

ಚಿಕ್ಕಬಸವಯ್ಯ ಲೋಟಗಳನ್ನು ದೊಡ್ಡಮಲ್ಲಪ್ಪನವರ ಮುಂದೆ ಸರಿಸಿದ. ಅವರು ವ್ಯಾಪಾರಸ್ಥರು. ಕಾಳನ್ನು ಮುಷ್ಟಿಯಲ್ಲಿ ಹಿಡಿದು ನೋಡದೆ ಬೆಲೆ ಕಟ್ಟಿದವರಲ್ಲ. ಒಂದೊಂದು ಲೋಟವನ್ನೂ ತಾವೇ ಎತ್ತಿ ಓರೆ ಮಾಡಿದರು. ಎರಡನೆಯದನ್ನೂ ನಾಲ್ಕನೆಯದನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ದೊಡ್ಡಮಲ್ಲಮ್ಮ ಅವರ ಸ್ವಂತ ಅಕ್ಕ. ಆ ಹೆಪ್ಪಿನ ಮೊಸರು ತಿಂದೇ ಅವರ ಮನೆಯವರೂ ಬೆಳೆದದ್ದು.

"ಚೀಟಿ ಕೊಡಿ," ಎಂದರು ಕೊನೆಗೆ. "ನಾನೇ ಹೋಗಿ ಬರ್ತೀನಿ."

\* \* \*

ಮಾರನೆಯ ಬೆಳಿಗ್ಗೆ ಚಿಕ್ಕಬಸವಯ್ಯ ನಿಂಗಯ್ಯನನ್ನು ಲಾಕಪ್ಪಿನಿಂದ ಔಷಧಿ ಕೋಣೆಗೆ ಕರೆತಂದ.

"ದಿನಾ ಬೀರು ತೆಗೆದಾಗ ಇಲ್ಲಿ ಯಾರಿರ್ತಾರೆ?"

"ಯಾರೂ ಇರಲ್ಲ ಬುದ್ಧಿ."

"ಶಿವಮಲ್ಲಪ್ಪ?"

"ಅವ್ನು ಆಲು ತರೋನು." ನಿಂಗಯ್ಯನ ಮಾತು ಅಲ್ಲಿಯೇ ನಿಂತಿತು. ಬಾಯಿ ತೆರೆದೇ ಇತ್ತು.

"ಸರಿ. ಅವನು ಬರೋ ಹೊತ್ತಾಯ್ತು. ದಿನಾ ಏನ್ ಮಾಡ್ತೀಯೋ ಅದನ್ನೇ ಮಾಡು."

ಶಿವಮಲ್ಲಪ್ಪ ಹಾಲಿನ ಕ್ಯಾನು ಹಿಡಿದು ಬಂದ. ನಲವತ್ತರ ಗಟ್ಟಿ ಆಳು. ಬನಿಯನ್ನು, ಪಂಚೆ, ತಲೆಗೊಂದು ದಪ್ಪ ರುಮಾಲು. ಇನ್‌ಸ್ಪೆಕ್ಟರನನ್ನು ಕಂಡು ಒಂದು ಹೆಜ್ಜೆ ತಡೆದ, ಮತ್ತೆ ಕೈ ಮುಗಿದ. ನಿಂಗಯ್ಯ ಬೀರು ತೆಗೆದ. ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವ ಗಾಜಿನ ಕಡ್ಡಿ ಪೆನಿಸಿಲಿನ್ ಪಕ್ಕದಲ್ಲೇ ಇತ್ತು. ಅದನ್ನು ತೆಗೆದುಕೊಂಡ. ಉದ್ದನೆಯ ಲೋಟಕ್ಕೆ ಹಾಲು ಬಗ್ಗಿಸಿದ. ಬೆಳಕಿಗೆಂದು ಕಿಟಕಿಯ ಹತ್ತಿರ ಹೋಗಿ, ಕಡ್ಡಿ ಇಳಿಬಿಟ್ಟು, ಅದು ಅಲುಗಾಡುವುದು ನಿಲ್ಲಲೆಂದು ಕಣ್ಣು ಕಿರಿದು ಮಾಡಿ ಕಾದ.

ಬೀರು ತೆರೆದೇ ಇತ್ತು. ಬೀರುವಿಗೆ ಬೆನ್ನು. ಚಿಕ್ಕಬಸವಯ್ಯ ಮನಸ್ಸಿನಲ್ಲೇ ನಲವತ್ತು ಎಣಿಸಿದ.

"ನೀರಿಲ್ಲ ಬುದ್ಧಿ, ಆಲು ಸರ್ಯಾಗದೆ," ಎಂದು ನಿಂಗಯ್ಯ ತಿರುಗಿದ.

"ನೀನು ಹಾಲಿಗೆ ನೀರು ಬಿದ್ದಿದೆಯಾ ಅಂತ ನೋಡೋ ಅಷ್ಟರಲ್ಲಿ ನಿನ್ನ ಬೀರು ಖಾಲಿಯಾಯ್ತು ಕಣಯ್ಯ," ಎಂದ ಚಿಕ್ಕಬಸವಯ್ಯ. "ಶಿವಮಲ್ಲಪ್ಪ, ಇಲ್ಲಿಂದ ಎಲ್ಲಿಗೆ ಹೋಗ್ತೀಯ?"

"ಬಸ್ಸಿನ ಹತ್ರಕ್ಕೆ ಸ್ವಾಮಿ. ಚಾಮ್ರಾಜ್‌ನಗರದ ಕ್ಯಾನು ಏರಿಸ್ಬೇಕು."

"ರುಮಾಲು ಬಿಚ್ಚು."

"ಸ್ವಾಮಿ?"

"ಕ್ಯಾನಿಗೆ ಹಾಕೋಕೆ ಕದ್ದಿಟ್ಟಿರೋ ಸೀಸೆ ತಂದಿರ್ತೀಯ. ಬನಿಯನ್ನಿಗೆ ಜೇಬಿಲ್ಲ. ಎರಡು ಕೈಯಲ್ಲೂ ಕ್ಯಾನು ಹಿಡೀತೀಯ. ಬಿಚ್ಚು."

ರುಮಾಲು ಸುರುಳಿ ಬಿಚ್ಚಿತು. ಒಂದು ಸೀಸೆ ನೆಲಕ್ಕೆ ಬಿದ್ದು, ಒಡೆಯದೆ, ಉರುಳಿ ನಿಂಗಯ್ಯನ ಕಾಲ ಬಳಿ ನಿಂತಿತು.

ಶಿವಮಲ್ಲಪ್ಪ ಓಡಲಿಲ್ಲ. ಕುಕ್ಕರಗಾಲಲ್ಲಿ ಕುಳಿತು ತಲೆಯ ಮೇಲೆ ಕೈ ಹೊತ್ತುಕೊಂಡ.

"ಇಸ ಆಕ್ನಿಲ್ಲ ಸ್ವಾಮಿ, ಅವ್ಸದಿ ಆಕ್ದೆ," ಎಂದ. "ನಮ್ ಕೆಂದ ಹಸೀಗೆ ಕೆಚ್ಚಲು ಬಾತಿತ್ತು. ದನದ ಡಾಕ್ಟ್ರು ಇದ್ನೇ ಒಂದ್ ಸೀಸೆ ಕೆಚ್ಚಲಿಗೆ ಬುಟ್ರು. ಆ ಹಸಿನ ಆಲು ಎರಡು ದಿನ ಆದ್ರೂ ಹುಳಿಯಾಗ್ನಿಲ್ಲ. ಆಗ್ಲೇ ತಲೆಗೆ ಒಳೀತು. ಬ್ಯಾಸ್ಗೇಲಿ ಅರ್ದಕ್ಕರ್ದ ಆಲು ಕೆಟ್ಟೋಗೋದು, ಓಟ್ಲಿನೋರು ಮೊಕದ ಮ್ಯಾಲೆ ಸುರಿಯೋರು. ಮೈಗೆ ಚುಚ್ಚೋ ಅವ್ಸದಿ, ಒಟ್ಟೆಗೋದ್ರೆ ಒಳ್ಳೇದೇ ಅಲ್ವಾ ಅಂದ್ಕಂಡೆ."

"ನಿನ್ನ ಹಾಲು ಕರೆಯೋನು ಯಾರು?" ಎಂದು ಕೇಳಿದರು ಡಾಕ್ಟರು.

"ಚಿಕ್ಕಮಾದು."

"ಅವನ ಕೈ ಹೇಗಿದೆ?"

ಶಿವಮಲ್ಲಪ್ಪ ತಲೆಯೆತ್ತಿದ. "ಬೆರಳ ತುಂಬ ಕುರ. ವಾಸೀನೇ ಆಗವಲ್ದು. ನಿಮಗೆಂಗೆ ಗೊತ್ತಾಯ್ತವ್ವಾ?"

ಡಾಕ್ಟರು ಸ್ಟೂಲಿನ ಮೇಲೆ ಕುಳಿತು, ಬೋರಯ್ಯನೂ ಶಾಂತಮಲ್ಲಮ್ಮನ ಮನೆಯವರೂ ಹಿಂದೆ ಹೇಳಿದ್ದನ್ನು ಜೋಡಿಸಿ, ಬಿಡಿಸಿ ಹೇಳಿದರು. ಕ್ಯಾನಿನಿಂದ ಅಳೆದು ಸುರಿಯುವಾಗ ಚಿಕ್ಕಮಾದುವಿನ ಕೈ ದಿನಾ ಔಷಧಿ ಬಿದ್ದ ಹಾಲಿನಲ್ಲಿ ಅದ್ದಿ ಏಳುತ್ತಿತ್ತು. ಅವನ ಕುರದ ಕ್ರಿಮಿಗಳಿಗೆ ಸಾಯುವಷ್ಟು ಔಷಧಿಯಲ್ಲ, ಪಳಗುವಷ್ಟು. ಬೋರಯ್ಯ ಅದೇ ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ, ಕುಡುಗೋಲು ತಗುಲಿದ ಗಾಯವನ್ನು ಚಿಕ್ಕಮಾದುವೇ ಬಟ್ಟೆ ಸುತ್ತಿ ಕಟ್ಟಿದ್ದ. ದೊಡ್ಡಮಲ್ಲಪ್ಪನವರ ಮನೆಯ ಹಸುವನ್ನು ಕರೆಯುವವನೂ ಚಿಕ್ಕಮಾದು. ದಿನಾ ಬೆಳಿಗ್ಗೆ ಅವನ ಕೈಯಿಂದ ಚೆಂಬು ತೆಗೆದುಕೊಂಡು, ಅದೇ ಕೈಯಲ್ಲಿ ಮಗುವಿಗೆ ಹಾಲೂಡಿಸಲು ಹೋಗುತ್ತಿದ್ದವಳು ಶಾಂತಮಲ್ಲಮ್ಮ.

"ಒಂದು ಜಾತಿಯ ಕ್ರಿಮಿ ಕಲಿತದ್ದನ್ನು ಇನ್ನೊಂದಕ್ಕೆ ಕೊಡುತ್ತೋ ಏನೋ, ಈ ಲೋಟಗಳಲ್ಲಿ ನಾನು ತೋರಿಸಲಾರೆ," ಎಂದರು. "ಆದರೆ ಎರಡು ಕ್ರಿಮಿ ಮೈಗೆ ಮೈ ತಾಗಿಸಿ ತಮ್ಮ ಗುಣ ದಾಟಿಸಿಕೊಳ್ಳೋದನ್ನು ದೊಡ್ಡ ದೊಡ್ಡೋರು ಕಂಡಿದ್ದಾರೆ. ಇನ್‌ಸ್ಪೆಕ್ಟ್ರೇ, ನಿಮ್ಮ ಮನೆಯ ಹೆಪ್ಪಿನ ಕಥೆ ಕೇಳಿದ ಮೇಲೆ ನನಗೂ ಅನುಮಾನ. ಗಂಗಾಂಬಿಕೆಯವರು ಅಜ್ಜಿಯ ಹೆಪ್ಪನ್ನು ತಮ್ಮದರ ಜೊತೆ ಬೆರೆಸಿ ಹಾಕಿದ್ದರಂತೆ. ಹೆಪ್ಪಾಯಿತು, ರುಚಿ ಮಾತ್ರ ಅವರ ಮನೆಯದೇ ಅಂತಾರೆ."

"ಇದು ನನಗೆ ಅರ್ಥವಾಗುತ್ತೆ ಡಾಕ್ಟ್ರಮ್ಮ," ಎಂದ ಚಿಕ್ಕಬಸವಯ್ಯ. "ಬೀಗ ಮುರಿಯೋನ ಜೊತೆ ಕೋಳಿ ಕದ್ದೋನನ್ನು ಒಂದೇ ಲಾಕಪ್ಪಿಗೆ ಹಾಕಿದ್ರೆ, ಹೊರಗೆ ಬರೋದು ಇಬ್ಬರು ಬೀಗ ಮುರಿಯೋರು. ಅದಕ್ಕೇ ನಾವು ಬೇರೆ ಬೇರೆ ಹಾಕ್ತೀವಿ."

"ಹೌದಾ?" ಡಾಕ್ಟರು ಮೊದಲ ಸಲ ನಕ್ಕರು. "ಹಾಗಾದ್ರೆ ನಾವೂ ಅದನ್ನೇ ಮಾಡಬೇಕು."

\* \* \*

ಎರಿತ್ರೋಮೈಸಿನ್ ಮಧ್ಯಾಹ್ನಕ್ಕೆ ಬಂತು. ಆ ದಿನ ಏನೂ ಆಗಲಿಲ್ಲ. ಮರುದಿನ ಜ್ವರ ಏರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಶಾಂತಮಲ್ಲಮ್ಮ ಕಣ್ಣು ಬಿಟ್ಟು, "ಮಗು ಯಾರ ತಾವ ಅದೆ? ಹಾಲು ಕುಡೀತಾ?" ಎಂದು ಕೇಳಿದಳು. ದೊಡ್ಡಮಲ್ಲಪ್ಪನವರು ಮಗುವನ್ನು ಎತ್ತಿಕೊಂಡು ಬಂದು ತೋರಿಸಿದರು.

ಚಿಕ್ಕಮಾದುವಿನ ಕೈಗೂ ಅದೇ ಔಷಧಿಯಾಯಿತು. ಶಿವಮಲ್ಲಪ್ಪನನ್ನು ಕೋರ್ಟಿಗೆ ಒಪ್ಪಿಸಿದರು. ಅವನ ಕ್ಯಾನುಗಳನ್ನೆಲ್ಲ ಆಸ್ಪತ್ರೆಯ ಅಂಗಳದಲ್ಲಿ ಕುದಿಯುವ ನೀರು ಹಾಕಿ ತೊಳೆಸಿದರು. ಉಳಿದದ್ದು ಹೆಪ್ಪು.

"ಈ ಹೆಪ್ಪಿನಿಂದ ಯಾರಿಗೂ ಕಾಯಿಲೆ ಬರೋದಿಲ್ಲ," ಎಂದು ಡಾಕ್ಟರು ಪೇಟೆಯ ಹೆಂಗಸರನ್ನು ಕೂರಿಸಿಕೊಂಡು ಹೇಳಿದರು. "ಆದರೆ ಅದು ಕಲಿತದ್ದನ್ನು ಹೊಟ್ಟೆಯೊಳಗೆ ಯಾವುದಕ್ಕೆ ಹೇಳಿಕೊಡುತ್ತೋ ಗೊತ್ತಿಲ್ಲ. ಎಲ್ಲರೂ ಒಂದೇ ದಿನ ಚೆಲ್ಲಿ. ಪಾತ್ರೆ ಕುದಿಸಿ. ಕಲಿಯದ ಹೆಪ್ಪು ತಂದು ಹೊಸದಾಗಿ ಶುರು ಮಾಡಿ."

ಎಲ್ಲರ ಕಣ್ಣೂ ದೊಡ್ಡಮಲ್ಲಮ್ಮಜ್ಜಿಯ ಮೇಲೆ ಹೋಯಿತು. ನಲವತ್ತು ವರ್ಷದ ಹೆಪ್ಪು. ಅಜ್ಜಿ ಎದ್ದು ಮನೆಗೆ ಹೋದರು. ಚಿಕ್ಕಬಸವಯ್ಯ ದಾರಿಯಲ್ಲಿ ನಿಂತು ನೋಡಿದ. ಅಜ್ಜಿ ಹಿತ್ತಲಲ್ಲಿ ಗುಂಡಿ ತೋಡಿಸಿ, ಅದಕ್ಕೆ ಸುಣ್ಣ ಹಾಕಿಸಿ, ಗಡಿಗೆಯನ್ನು ತಮ್ಮ ಕೈಯಾರೆ ಬಗ್ಗಿಸಿದರು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಂದು ಬಟ್ಟಲು ತೊಳೆದು, ಹಿಡಿದುಕೊಂಡು ಬೀದಿಗಿಳಿದರು.

ಪೇಟೆ ದಾಟಿದರು. ಕೆರೆಯ ಏರಿ ಇಳಿದರು. ಕೇರಿಯವರು ಮನೆಮನೆಯಿಂದ ಹೊರಗೆ ಬಂದು ನೋಡುತ್ತಿದ್ದರು. ಅಜ್ಜಿಯ ಹಿಂದೆ ಗಂಗಾಂಬಿಕೆ, ಅವಳ ಹಿಂದೆ ಇನ್ನೂ ಏಳೆಂಟು ಜನ, ಎಲ್ಲರ ಕೈಯಲ್ಲೂ ಒಂದೊಂದು ಬಟ್ಟಲು. ಕೊನೆಯಲ್ಲಿ ದೊಡ್ಡಮಲ್ಲಪ್ಪನವರು, ಬರಿಗೈಯಲ್ಲಿ.

ನಿಂಗಯ್ಯ ಜಗುಲಿಯಿಂದ ಧಡಕ್ಕನೆ ಎದ್ದು ನಿಂತ.

"ನಿಂಗಯ್ಯ," ಎಂದರು ದೊಡ್ಡಮಲ್ಲಪ್ಪನವರು. "ನನ್ನಿಂದ ತಪ್ಪಾಯ್ತು ಕಣಪ್ಪ. ನಿನ್ನ ಬೀಗದ ಕೈ ನಿನ್ ಹತ್ರಾನೇ ಇರ್ಲಿ."

ನಿಂಗಯ್ಯ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. ಅಷ್ಟರಲ್ಲಿ ಸೋಮಮ್ಮ ಬಾಗಿಲಿಗೆ ಬಂದಿದ್ದಳು. ಅಜ್ಜಿ ಬಟ್ಟಲು ಮುಂದೆ ಚಾಚಿದರು.

"ಒಂದು ಚಮಚ ಹೆಪ್ಪು ಕೊಡವ್ವ. ನಮ್ ಮನೇಲಿ ಇವತ್ತಿಗೆ ಮುಗೀತು."

ಸೋಮಮ್ಮ ಅಜ್ಜಿಯ ಮುಖ ನೋಡಿದಳು, ಹಿಂದಿನ ಸಾಲು ನೋಡಿದಳು. ಒಳಗೆ ಹೋಗಿ ಗಡಿಗೆಯನ್ನೇ ಎತ್ತಿಕೊಂಡು ಬಂದಳು. ಅಲ್ಲಿಯ ತನಕ ಹೊಸಿಲಿನ ಆಚೆ ನಿಂತಿದ್ದ ಅಜ್ಜಿಯ ಕೈ ಹಿಡಿದು, "ಬಿಸ್ಲಲ್ಲಿ ಯಾಕ್ ನಿಂತ್ಕತೀರವ್ವ, ಒಳೀಕ್ ಬನ್ನಿ," ಎಂದಳು.

ಅಜ್ಜಿ ಒಳಗೆ ಕಾಲಿಟ್ಟರು.